ಬಿಳಿ ಐದರ ಗಿರಿಜಮ್ಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ನಾಟಕ ಆಡದ ಊರು ಯಾವುದಾದರೂ ಇದ್ದರೆ ಅಲ್ಲಿ ಗಂಡಸರೇ ಇಲ್ಲ ಅಂತ ಲೆಕ್ಕ. ಕಾಯಿ ಕೆಡವಿ, ರಾಗಿ ಒಕ್ಕಿ ಕೈ ಬಿಡುವಾದದ್ದೇ ತಡ, ಮೀಸೆ ಇರುವವರಿಗೆಲ್ಲ ರಾಜನಾಗುವ ಆಸೆ ಹುಟ್ಟುತ್ತದೆ. ರಾಜರಿಗೆ ಬರವಿಲ್ಲ, ರಾಣಿಯನ್ನು ಮಾತ್ರ ಹೊರಗಿನಿಂದ ಕರೆಸಬೇಕು. ಹಾಗೆ ಕರೆಸುವಾಗ ಮೂವತ್ತು ವರ್ಷಗಳಿಂದ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ತಿಪಟೂರಿನ ಗಿರಿಜಾಂಬಿಕಾ.

ಪಾಂಪ್ಲೆಟ್ಟಿನಲ್ಲಿ ಗಿರಿಜಾಂಬಿಕಾ ಎಂದಿದ್ದರೂ ಜನ ಕರೆಯುವುದು ಬಿಳಿ ಐದರ ಗಿರಿಜಮ್ಮ ಎಂದೇ. ಹಾರ್ಮೋನಿಯಂನಲ್ಲಿ ಬೆರಳೊತ್ತುವ ಮನೆಗಳಿಗೆ ನಂಬರೇ ಹೆಸರು: ಬಿಳಿ ಒಂದು, ಕರಿ ಒಂದು, ಬಿಳಿ ಎರಡು, ಕರಿ ಎರಡು, ಹೀಗೆ. ಬಲಕ್ಕೆ ಹೋದಷ್ಟೂ ಏರು ಶ್ರುತಿ, ಎಡಕ್ಕೆ ಬಂದಷ್ಟೂ ತಗ್ಗು. ಬಿಳಿ ಐದು ಎಂದರೆ ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ತೂಕಡಿಸುವವನನ್ನೂ ಎಬ್ಬಿಸಿ ಕೂರಿಸುವ ಶ್ರುತಿ. ಹದಿನಾರನೇ ವಯಸ್ಸಿಗೆ ಒಂದು ಸಣ್ಣ ಕಂಪನಿಯಲ್ಲಿ ಸಖಿಯಾಗಿ ಬಂದ ಗಿರಿಜಮ್ಮ, ಆ ಶ್ರುತಿಯಲ್ಲಿ ಹಾಡಿ, ಆಗ ರಾಣಿಯಾಗಿದ್ದವಳನ್ನು ಒಂದೇ ಕ್ಯಾಂಪಿನಲ್ಲಿ ತಾಯಿ ಪಾತ್ರಕ್ಕೆ ತಳ್ಳಿದಳು. ಆಮೇಲೆ ಕಂಪನಿಯೇ ಮುಚ್ಚಿಹೋಯಿತು. ಗಿರಿಜಮ್ಮ ಬಾಯಿ ಮುಚ್ಚಲಿಲ್ಲ, ಹಳ್ಳಿ ನಾಟಕಗಳಿಗೆ ಹೊರಟಳು. ಬೇರೆ ನಟಿಯರು ಶ್ರುತಿ ಇಳಿಸಿಕೊಂಡ ಸುದ್ದಿ ಬಂದಾಗಲೆಲ್ಲ ಎಲೆ ಅಡಿಕೆ ಮೆಲ್ಲುತ್ತಾ, "ಪಾಪ, ವಯಸ್ಸಾಯ್ತಲ್ಲ ಅವ್ಳಿಗೆ" ಎನ್ನುತ್ತಿದ್ದಳು. ಆ 'ಪಾಪ'ದಲ್ಲಿ ಪಾಪ ಅನ್ನುವುದೇನೂ ಇರುತ್ತಿರಲಿಲ್ಲ.

ಜಂಬದ ಅಡಿಯಲ್ಲಿ ಹೆದರಿಕೆಯೂ ಇತ್ತು. ತಾನು ತಳ್ಳಿದ ಆ ರಾಣಿ ಮಾರನೆಯ ದಿನ ತಲೆಗೆ ಬಿಳಿ ಬಣ್ಣ ಬಳಿದುಕೊಂಡು ಮೂಲೆಯಲ್ಲಿ ಕೂತಿದ್ದನ್ನು ಗಿರಿಜಮ್ಮ ಮರೆತಿರಲಿಲ್ಲ. 'ಶ್ರುತಿ ಇಳಿಸಿ' ಎಂದು ತಾನು ಕೇಳಿದ ದಿನವೇ ತನಗೂ ಅದೇ ಮೂಲೆ. ಪ್ರತಿ ವರ್ಷ ಮೊದಲ ನಾಟಕಕ್ಕೆ ಹೊರಡುವ ಮುಂಚೆ ದೇವರ ಮುಂದೆ ನಿಂತು, "ಇದೊಂದು ವರ್ಷ ದಾಟಿಸಪ್ಪ" ಎನ್ನುವಳು. ದೇವರು ದಾಟಿಸುತ್ತಲೇ ಇದ್ದ.

ದೇವರ ಜೊತೆಗೆ ಶ್ರೀರಂಗಯ್ಯ ಮೇಷ್ಟ್ರೂ ಇದ್ದರೆನ್ನಿ. ಚಿಕ್ಕನಾಯಕನಹಳ್ಳಿಯ ಈ ಡ್ರಾಮಾ ಮೇಷ್ಟ್ರು ಊರೂರಿನಲ್ಲಿ ಎರಡೆರಡು ತಿಂಗಳು ಬೀಡುಬಿಟ್ಟು ರೈತರ ಕೈಲಿ ಹಾಡು ಹಾಡಿಸುವವರು. ಅವರು ಕಲಿಸದ ನಾಟಕಕ್ಕೆ ಗಿರಿಜಮ್ಮ ಒಪ್ಪುತ್ತಿರಲಿಲ್ಲ. ಬೇರೆಯವರ ಹಾರ್ಮೋನಿಯಂ ತನಗೆ ಹೊಂದುವುದಿಲ್ಲ ಎನ್ನುವುದು ಅವಳ ನೆಪ. ಪೆಟ್ಟಿಗೆ ಮೇಲೆ ಅವರ ಬೆರಳು ಎಲ್ಲಿದೆ ಎಂದು ಅವಳು ಯಾವತ್ತೂ ಬಗ್ಗಿ ನೋಡಿದವಳಲ್ಲ. ಅವರು ಶ್ರುತಿ ಕೊಡುವುದು, ಇವಳು ಹಾಡುವುದು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಹಂದನಕೆರೆಯವರ ನಾಟಕಕ್ಕೆ ಎರಡು ದಿನವಿದೆ ಎನ್ನುವಾಗ ಮೇಷ್ಟ್ರು ಕಣ್ಣಿನ ಪೊರೆ ತೆಗೆಸಲು ತಿಪಟೂರಿನ ಆಸ್ಪತ್ರೆ ಸೇರಿದರು. ಡಾಕ್ಟರು ಕೊಟ್ಟ ದಿನ ಅದು, ಮುಂದೆ ಹಾಕಿದರೆ ಇನ್ನೆರಡು ತಿಂಗಳು ಕಾಯಬೇಕಿತ್ತು. ಅಪ್ಪನ ಬದಲು ಮಗಳು ಅನುಪಮಾ ಬಂದಳು. ಸ್ಕೂಲಿನಲ್ಲಿ ಸಂಗೀತದ ಟೀಚರು, ಕೈ ಚುರುಕು. ಹೊರಡುವಾಗ ಅಪ್ಪ ಒಂದು ಹಳೆಯ ನೋಟ್‌ಬುಕ್ಕು ಕೊಟ್ಟು, "ಗಿರಿಜಾ ಹಾಡಿಗೆ ಇದನ್ನ ನೋಡ್ಕೊಂಡೇ ನುಡ್ಸು" ಎಂದಿದ್ದರು. ಬಿಳಿ ಐದರ ಗಿರಿಜಮ್ಮನ ಹಾಡಿಗೆ ಯಾವ ಶ್ರುತಿ ಅಂತ ಪುಸ್ತಕ ನೋಡಬೇಕೇ? ಹುಟ್ಟಿದಾಗಿನಿಂದ ಆ ಹೆಸರು ಕೇಳಿದ್ದ ಅನುಪಮಾ ಪುಸ್ತಕವನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ನಾಟಕದ ದಿನ ಬೆಳಿಗ್ಗೆ ದೊಡ್ಡಣ್ಣನ ತೋಟದ ಕೊಬ್ಬರಿ ಮನೆಯಲ್ಲಿ ಕೊನೆಯ ಟ್ರಯಲ್. ತಲೆಯ ಮೇಲೆ ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ, ಕೆಳಗೆ ಜಮಖಾನದ ಮೇಲೆ ರಾಜ, ಮಂತ್ರಿ, ಸೇನಾಪತಿ. ದೊಡ್ಡಣ್ಣನೇ ರಾಜ. ಹತ್ತು ವರ್ಷದಿಂದ ಅವನೇ ರಾಜ, ಅವನ ಮಾತು ಮರೆವೂ ಹತ್ತು ವರ್ಷದಿಂದ ಅಷ್ಟೇ. ಗಿರಿಜಮ್ಮ ಬಂದು ಸೆರಗು ಸರಿಮಾಡಿಕೊಂಡು ನಿಂತಳು. ಅನುಪಮಾ ತಿದಿ ಒತ್ತಿ ಬಿಳಿ ಐದು ಹಿಡಿದಳು.

ಮೊದಲ ಸಾಲಿಗೇ ಏನೋ ಸರಿಯಿಲ್ಲ ಅನ್ನಿಸಿತು. ಎರಡನೇ ಸಾಲು ಮೇಲಕ್ಕೆ ಏರಬೇಕಾದ ಕಡೆ ಗಂಟಲು ಕೀರಲು ಕೀರಲಾಗಿ ಒಡೆದುಹೋಯಿತು. ಸೇನಾಪತಿ ಗಂಗರಾಜು ಎದ್ದು ಹೋಗಿ ನೀರು ತಂದುಕೊಟ್ಟ.

"ಪೆಟ್ಟಿಗೇಲಿ ಏನೋ ಐಬೈತೆ ಕಣಮ್ಮ," ಎಂದಳು ಗಿರಿಜಮ್ಮ. "ಇನ್ನೊಂದ್ ಸಲ ಕೊಡು."

ಇನ್ನೊಂದು ಸಲವೂ ಒಡೆಯಿತು. ಅನುಪಮಾಗೆ ಆಗ ಪುಸ್ತಕ ನೆನಪಾಗಿ ಗಾಬರಿಯಿಂದ ತೆಗೆದಳು. ಅವಳ ಮುಖ ಬದಲಾದದ್ದನ್ನು ಕಂಡು ಗಿರಿಜಮ್ಮ ಬಗ್ಗಿದಳು. ರಾಣಿಯ ಹಾಡಿನ ಪಕ್ಕ ಮೇಷ್ಟ್ರ ಕೈಬರಹ. ಬಿಳಿ ಐದು, ಹೊಡೆದುಹಾಕಿದೆ. ಎಂಬತ್ತಾರನೇ ಇಸವಿ, ಕರಿ ಮೂರು, ಅದಕ್ಕೂ ಗೀಟು. ತೊಂಬತ್ತರಲ್ಲಿ ಬಿಳಿ ನಾಲ್ಕು. ತೊಂಬತ್ತನಾಲ್ಕರಲ್ಲಿ ಬಿಳಿ ಮೂರು. ತೊಂಬತ್ತೆಂಟರಲ್ಲಿ ಕರಿ ಎರಡು. ಮೆಟ್ಟಿಲಿಳಿದ ಹಾಗೆ ಒಂದೊಂದೇ ಮನೆ ಎಡಕ್ಕೆ. ಅವಳಿಗೆ ಗೊತ್ತೇ ಆಗದ ಹಾಗೆ.

ಗಿರಿಜಮ್ಮ ಜಮಖಾನದ ಮೇಲೆ ಕೂತುಬಿಟ್ಟಳು. ಮೊದಲು ಬಂದದ್ದು ಸಿಟ್ಟು. ಈ ಮುದುಕ ತನ್ನನ್ನು ಹದಿನೈದು ವರ್ಷ ಮಂಗ ಮಾಡಿದನಲ್ಲ ಎಂದು ಕಣ್ಣು ತುಂಬಿತು. ಆಮೇಲೆ ಹದಿನೈದು ವರ್ಷವೂ ತಾನೇ ರಾಣಿಯಾಗಿದ್ದದ್ದು ನೆನಪಾಯಿತು. ಯಾವ ದಿನಕ್ಕೆ ಹೆದರಿ ದೇವರ ಮುಂದೆ ನಿಲ್ಲುತ್ತಿದ್ದಳೋ, ಆ ದಿನ ಎಂಬತ್ತಾರರಲ್ಲೇ ಬಂದು ಹೋಗಿತ್ತು. ಅವತ್ತೂ ಜನ ಒನ್ಸ್ ಮೋರ್ ಎಂದಿದ್ದರು.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಈಗ ತಾನು ಏನಾದರೂ ಹೇಳಲೇಬೇಕು. ಅಷ್ಟರಲ್ಲಿ ದೊಡ್ಡಣ್ಣ ಕೆಮ್ಮಿ, ಮೆಲ್ಲಗೆ ಬಾಯಿ ಬಿಟ್ಟ.

"ಬಿಳಿ ಐದು ಯಾಕಮ್ಮ ಕೊಡಕ್ಕೋದೆ, ಅನುಪಮಾ? ಗಿರಿಜಮ್ಮೋರು ನಮಗೋಸ್ಕರ ಇಳ್ಸ್ಕೊಂಡವ್ರೆ ಅಂತ ನಿಮ್ಮಪ್ಪ ಹೇಳಿಲ್ವಾ?"

"ಏನಂದ್ರು ಮೇಷ್ಟ್ರು?" ಎಂದಳು ಗಿರಿಜಮ್ಮ.

"ನಮ್ಮ ಗಂಟ್ಲು ಬಿಳಿ ಐದಕ್ಕೆ ಎಟಕಲ್ಲ, ಜೊತೆ ಹಾಡ್ನಲ್ಲಿ ನಮ್ಮ ಮಾನ ಹೋಗ್ಬಾರ್ದು ಅಂತ ಆಯಮ್ಮನೇ ಇಳ್ಸ್ಕೊಂಡೈತೆ, ಅದನ್ನ ಆಯಮ್ಮನ ಮುಂದೆ ಎತ್ತಬೇಡ್ರಪ್ಪ, ಬೇಜಾರ್ ಮಾಡ್ಕತಾರೆ, ಅಂದಿದ್ರು. ಮೂರು ತಾಲ್ಲೂಕ್ನಾಗೆ ಎಲ್ರಿಗೂ ಗೊತ್ತು ಕಣಮ್ಮ. ಇವತ್ತು ಬಾಯಿ ತಪ್ಪಿ ಬಂದುಬುಡ್ತು."

ಮಂತ್ರಿ ಮತ್ತು ಸೇನಾಪತಿ ಇಬ್ಬರೂ ಭಕ್ತಿಯಿಂದ ತಲೆಯಾಡಿಸಿದರು. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಇಷ್ಟು ಒಳ್ಳೆಯ ಸುಳ್ಳು ಯಾರಿಗೆ ಪುಕ್ಕಟೆ ಸಿಗುತ್ತದೆ? ಆದರೆ ಈ ರಾಜರ ಮುಗ್ಧ ಮುಖ ನೋಡಿ ಗಿರಿಜಮ್ಮನಿಗೆ ಅದನ್ನು ನುಂಗಲಾಗಲಿಲ್ಲ.

"ನಿಮಗೋಸ್ಕರ ಅಲ್ಲ ದೊಡ್ಡಣ್ಣ. ನನ್ನ ಗಂಟ್ಲೇ ಇಳ್ದೋಗೈತೆ. ನನಗೇ ಗೊತ್ತಿರ್ಲಿಲ್ಲ. ನಿಮಗೆ ಬ್ಯಾರೆ ರಾಣಿ ಬೇಕಿದ್ರೆ ಈಗ್ಲೇ ಹೇಳ್ಬುಡಿ, ನಾನು ತಾಯಿ ಪಾತ್ರ ಮಾಡ್ತೀನಿ."

ದೊಡ್ಡಣ್ಣ ಗಂಗರಾಜುವಿನ ಕಡೆ ತಿರುಗಿ, "ನೋಡ್ದೇನ್ಲಾ? ದೊಡ್ಡ ಮನಸ್ಸು ಅಂದ್ರೆ ಇದು. ಈಗ್ಲೂ ನಮ್ಮ ಮ್ಯಾಲೆ ಹಾಕ್ತಿಲ್ಲ" ಎಂದು ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡ.

ಗಿರಿಜಮ್ಮ ಇನ್ನೆರಡು ಸಲ ಆಣೆ ಹಾಕಿ ಹೇಳಿದಳು. ಹೇಳಿದಷ್ಟೂ ಅವರ ಭಕ್ತಿ ಜಾಸ್ತಿಯಾಯಿತು. ಕೊನೆಗೆ ಅವಳಿಗೆ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅನುಪಮಾಳೂ ಮುಖ ಮುಚ್ಚಿಕೊಂಡು ನಕ್ಕಳು. ಗಂಡಸರು ಯಾಕೆ ಎಂದು ತಿಳಿಯದಿದ್ದರೂ ಮರ್ಯಾದೆಗೆ ನಕ್ಕರು.

"ಕರಿ ಎರಡು ಕೊಡವ್ವ," ಎಂದಳು ಗಿರಿಜಮ್ಮ. ಜೀವಮಾನದಲ್ಲಿ ಶ್ರುತಿ ಇಳಿಸು ಎಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಕೇಳಿದ ಮೇಲೆ ನೆಲ ಬಾಯಿ ಬಿಡಲಿಲ್ಲ, ಅಟ್ಟದ ಮೇಲಿಂದ ಒಂದು ಕಾಯಿಯೂ ಬೀಳಲಿಲ್ಲ.

ರಾತ್ರಿ ರಂಗದ ಮೇಲೆ ಹಾಡುವಾಗ ಮೇಲಿನ ಸ್ವರದಲ್ಲಿ ಗಂಟಲು ಕೊಂಚ ಎಳೆದಂತಾಯಿತು. ಹೊಸಬರ ಕೈ, ಹಾಗೇ ಇರುತ್ತದೆ ಎಂದುಕೊಂಡು ಉಸಿರು ಬಿಗಿಹಿಡಿದು ದಾಟಿಸಿದಳು. ಹೆದರಿಕೆ ಇಲ್ಲದೆ ಹಾಡಿದರೆ ಇಷ್ಟು ಸುಖವಿರುತ್ತದೆ ಎನ್ನುವುದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಒನ್ಸ್ ಮೋರ್ ಮೂರು ಸಲ ಬಂತು.

ಮರುದಿನ ಮಧ್ಯಾಹ್ನ ಬಸ್ಸಿಳಿದವಳೇ ನೆಟ್ಟಗೆ ಆಸ್ಪತ್ರೆಗೆ ಹೋದಳು. ಮೇಷ್ಟ್ರು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಮಂಚದ ಮೇಲೆ ಕೂತು ಕಿತ್ತಳೆ ತಿನ್ನುತ್ತಿದ್ದರು.

"ಎಲ್ಲಾ ಗೊತ್ತಾಯ್ತು ಮೇಷ್ಟ್ರೇ," ಎಂದಳು. ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಮರೆತುಹೋಯಿತು. "ಇನ್ಮೇಲೆ ಕದ್ದುಮುಚ್ಚಿ ಬ್ಯಾಡ. ಕರಿ ಎರಡ್ರಲ್ಲಿ ನೆನ್ನೆ ಚೂರು ಎಳ್ದಂಗಾಯ್ತು. ಮುಂದಿನ್ ನಾಟಕಕ್ಕೆ ಬಿಳಿ ಎರಡು ಕೊಡಿ. ನಾನಿನ್ನೂ ಹತ್ತು ವರ್ಷ ಹಾಡ್ಬೇಕು."

ಕಿತ್ತಳೆ ತೊಳೆ ಮೇಷ್ಟ್ರ ಬಾಯಿಯ ಹತ್ತಿರವೇ ನಿಂತಿತು.

"ಕರಿ ಎರಡ್ರಲ್ಲಿ ಹಾಡ್ದಾ?"

"ನಿಮ್ಮ ಪುಸ್ತಕದಾಗೆ ಅದೇ ಇತ್ತಲ್ಲ."

"ಅಯ್ಯೋ, ಕಣ್ಣು ಕಾಣ್ದೆ ಒಂದು ವರ್ಷದಿಂದ ನಾನು ಆ ಪುಸ್ತಕದಲ್ಲಿ ಬರ್ದೇ ಇಲ್ಲ ಕಣಮ್ಮ. ಹೋದ ವರ್ಷವೇ ನಿನ್ನ ಬಿಳಿ ಎರಡಕ್ಕೆ ಇಳ್ಸಾಗಿತ್ತು, ಅನುಪಮಾಗೆ ಅದನ್ನ ಹೇಳೋದೇ ಮರ್ತೆ." ಮೇಷ್ಟ್ರು ಹಸಿರು ಬಟ್ಟೆಯ ಅಂಚು ಎತ್ತಿ, ಕಾಣದ ಕಣ್ಣಿನಲ್ಲೇ ಅವಳ ಮುಖ ಹುಡುಕಿದರು. "ನೆನ್ನೆ ನೀನು ಒಂದು ಮನೆ ಏರಿ ಹಾಡಿದ್ದೀಯಾ ಗಿರಿಜಾ."