ಎಂಬತ್ತನಾಲ್ಕರ ಗಿಡದ ಘಮ

ಹಂಬೋಲ್ಟ್ ಬೆಟ್ಟದ ಮೇಲೆ ಆರ್ಡಿಸ್ ಏಳು ವರ್ಷದಿಂದ ಒಂದು ವಾಸನೆಯ ಬೆನ್ನು ಬಿದ್ದಿದ್ದಳು. ಎಂಬತ್ತನಾಲ್ಕನೆಯ ಇಸವಿಯಲ್ಲಿ ಹೆಲಿಕಾಪ್ಟರಿನಲ್ಲಿ ಬಂದಿಳಿದ ಪೊಲೀಸರು, ಅವಳೂ ಗಂಡ ಲೈಲನೂ ಬೆಳೆದಿದ್ದ ಗಾಂಜಾ ಗಿಡಗಳನ್ನೆಲ್ಲ ಕಡಿದು ಹೊತ್ತೊಯ್ದಿದ್ದರು. ಉಳಿದದ್ದು ಕ್ಯಾಮೆರಾ ಫಿಲ್ಮಿನ ಒಂದು ಡಬ್ಬಿಯಷ್ಟು ಬೀಜ, ಮತ್ತೆ ಆ ಗಿಡಗಳ ವಾಸನೆಯ ನೆನಪು. ಮದುವೆಯೂ ಆಮೇಲೆ ಬಹಳ ದಿನ ಬಾಳಲಿಲ್ಲ.

ಬೆಳೆಯಲು ಕಾನೂನು ಒಪ್ಪಿದ ಮೇಲೆ, ಫ್ರಿಜ್ಜಿನಲ್ಲಿಟ್ಟಿದ್ದ ಆ ಬೀಜ ಬಿತ್ತಿದಳು. ಮೊಳೆತದ್ದು ಹನ್ನೊಂದೇ. ಅವುಗಳ ಸಂತಾನವನ್ನು ವರ್ಷ ವರ್ಷವೂ ಬೆಳೆಸಿ, ಕಾಂಡ ಉಜ್ಜಿ ಬೆರಳು ಮೂಸುವಳು. ಕಿತ್ತಳೆ ಸಿಪ್ಪೆಯ ಘಮ ಬಂದವನ್ನು ಉಳಿಸಿ, ನಾತ ಹೊಡೆದವನ್ನು ಕಿತ್ತೆಸೆಯುವಳು. ಕೊನೆಗೊಂದು ಗಿಡ ಅವಳ ಮನಸ್ಸಿಗೆ ಬಂತು. ಪ್ರಯೋಗಾಲಯದವರು ಲಿಮೊನೀನ್ ಇಷ್ಟು, ಟರ್ಪಿನೊಲೀನ್ ಇಷ್ಟು ಎಂದು ಘಮದ ಎಣ್ಣೆಗಳನ್ನು ಅಳೆದು ಬರೆದುಕೊಟ್ಟರು. ಆದರೆ ಹೋಲಿಸಲು ಹಳೆಯ ಗಿಡದ ವರದಿ ಎಲ್ಲಿತ್ತು? ಆ ವಾಸನೆ ಕಂಡಿದ್ದ ಮೂಗು ಇನ್ನೊಂದೇ ಇತ್ತು.

ಜಾಡಿಯಲ್ಲಿ ಹೂವು ತುಂಬಿಕೊಂಡು, ಕೆಳಗಿನ ಪೇಟೆಯಲ್ಲಿದ್ದ ಲೈಲನ ಬಡಗಿ ಅಂಗಡಿಗೆ ಹೋದಳು. ಹತ್ತು ವರ್ಷದಿಂದ ಮಾತಿರಲಿಲ್ಲ.

“ಏನೇ, ದಾರಿ ತಪ್ಪಿ ಬಂದ್ಯಾ?”

“ಬಾಯಿ ಮುಚ್ಚು. ಮೂಗು ಕೊಡು.”

ಲೈಲ್ ಕಣ್ಣು ಮುಚ್ಚಿ ಮೂರು ಸಲ ಮೂಸಿದ. “ಚೆನ್ನಾಗಿದೆ. ಆದ್ರೆ ಇದು ಅದಲ್ಲ ಕಣೇ.”

“ಕಿತ್ತಳೆ ಇಲ್ವಾ?”

“ಕಿತ್ತಳೆ ಇದೆ. ಕೊಳೆತ ಈರುಳ್ಳಿ ಎಲ್ಲಿ? ನಮ್ಮಮ್ಮ ಗುಡಾರಕ್ಕೆ ಬಂದಾಗ, ಇಲ್ಲೆಲ್ಲೋ ಇಲಿ ಸತ್ತಿದೆ ಅಂತ ಮಂಚದ ಕೆಳಗೆಲ್ಲ ತೂರಿ ಹುಡುಕಿದ್ದು ಮರ್ತೇಬಿಟ್ಯಾ?”

“ನಿನ್ನ ತಲೆ!” ಎಂದು ಆರ್ಡಿಸ್ ಜಾಡಿ ಕಿತ್ತುಕೊಂಡು ಹೊರಟಳು.

ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಮಂಚದಡಿಯಿಂದ ಹೊರಚಾಚಿದ್ದ ಅತ್ತೆಯ ಉಣ್ಣೆ ಕಾಲುಚೀಲ ನೆನಪಾಯಿತು. ಟ್ರಕ್ಕನ್ನು ಪಕ್ಕಕ್ಕೆ ನಿಲ್ಲಿಸಿ ಒಬ್ಬಳೇ ನಕ್ಕಳು. ನಗುತ್ತಲೇ ಇನ್ನೊಂದು ಹೊಳೆಯಿತು. ಆ ನಾತವನ್ನೇ ತಾನು ಏಳು ವರ್ಷ ಕೈಯಾರೆ ಕಿತ್ತೆಸೆದಿದ್ದಳು! ನೆನಪು ಅದನ್ನು ಯಾವಾಗಲೋ ತೊಳೆದು ಒಣಹಾಕಿತ್ತು.

ಆ ವರ್ಷ ಮಂಡಿನೋವೆಂದು ಕೀಳದೆ ಬಿಟ್ಟಿದ್ದ ಗಂಡುಗಿಡವೊಂದು ನೀರಿನ ತೊಟ್ಟಿಯ ಹಿಂದೆ ನಾರುತ್ತ ನಿಂತಿತ್ತು. ಅದರ ಪರಾಗವನ್ನು ಕುಂಚದಿಂದ ಕಿತ್ತಳೆ ಘಮದ ಗಿಡದ ಒಂದು ಕೊಂಬೆಯ ಹೂವಿಗೆ ಸವರಿದಳು.

ಮರುವರ್ಷ ಆ ಕೊಂಬೆಯ ಬೀಜದಿಂದ ನಲವತ್ತು ಸಸಿ ಎದ್ದವು. ಅಕ್ಟೋಬರಿನಲ್ಲಿ ಲೈಲನನ್ನು ಬೆಟ್ಟಕ್ಕೆ ಕರೆಸಿದಳು. ಅವನು ಕೋಲೂರಿಕೊಂಡು ಸಾಲು ಸಾಲಾಗಿ ಮೂಸುತ್ತ ಹೋಗಿ, ಇಪ್ಪತ್ತಾರನೆಯ ಗಿಡದ ಮುಂದೆ ನಿಂತುಬಿಟ್ಟ. ಆರ್ಡಿಸಳೂ ಬಗ್ಗಿ ಮೂಸಿದಳು. ಕಿತ್ತಳೆ, ಅದರಡಿಯಲ್ಲಿ ಈರುಳ್ಳಿ. ಸೋರುವ ಗುಡಾರ, ಒದ್ದೆ ಹೊದಿಕೆ, ಇಪ್ಪತ್ತೊಂಬತ್ತು ವರ್ಷ ವಯಸ್ಸಿನ ಲೈಲ್.

“ಏನಾದ್ರೂ ಹೇಳೋ.”

“ಆಗ ಸ್ನಾನಕ್ಕೂ ನೀರಿರ್ಲಿಲ್ಲ ಅಲ್ವೇನೇ?” ಎಂದ ಲೈಲ್, ಕಣ್ಣೊರೆಸಿಕೊಳ್ಳುತ್ತ.

ಆಮೇಲೆ ಭಾನುವಾರಗಳಂದು ಅವನು ಬೆಟ್ಟ ಹತ್ತತೊಡಗಿದ. ಗಿಡಕ್ಕೆ ತನ್ನ ತಾಯಿಯ ಹೆಸರಿಡಬೇಕೆಂದು ಅವನ ಹಟ. ಸುತರಾಂ ಆಗದೆಂದು ಆರ್ಡಿಸ್ ಇನ್ನೂ ಜಗಳ ಆಡುತ್ತಿದ್ದಾಳೆ.