ಕೈಜಾರಣ್ಣ

ಆಲ್ಡರ್ಟನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ನೂರು ವರ್ಷದ ಚರಿತ್ರೆಯಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಸೋಲು, ಮತ್ತೆ ಸೋಲು, ನಡುವೆ ಒಂದು ಸಲ ಮರದ ಗ್ಯಾಲರಿ ಸುಟ್ಟುಹೋದದ್ದು. ಚಾಂಪಿಯನ್ ಪಟ್ಟ ಬಾಗಿಲವರೆಗೆ ಬಂದದ್ದು ಒಂದೇ ಸಲ, ೧೯೭೪ರಲ್ಲಿ. ಚೆಂಡು ಹೊತ್ತು ದಾಟಬೇಕಾದ ಕೊನೆಯ ಗೆರೆಗೆ ಒಂದೇ ಗಜ ಉಳಿದಿತ್ತು. ಸೆಂಟರ್ ಜಾಗದ ನಾರ್ಬರ್ಟ್ ವೀಚೋರೆಕ್ ಬಗ್ಗಿ, ಕಾಲ ಸಂದಿಯಿಂದ ಚೆಂಡನ್ನು ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕ್ರೇಗ್ ಹಾಲ್ವರ್ಸನ್‌ಗೆ ಕೊಟ್ಟ. ಚೆಂಡು ನೆಲಕ್ಕೆ ಬಿತ್ತು. ಎದುರಾಳಿಗಳು ಅದರ ಮೇಲೆ ಮುಗಿಬಿದ್ದರು. ಅಲ್ಲಿಗೆ ಎಲ್ಲ ಮುಗಿಯಿತು.

"ಪಾಪ, ಕೈ ಒದ್ದೆಯಾಗಿತ್ತು, ಜಾರ್ತು," ಎಂದು ಕ್ರೇಗ್ ಅಂದೇ ಪತ್ರಿಕೆಯವರಿಗೆ ಹೇಳಿ, ಗೆಳೆಯನ ಹೆಗಲ ಮೇಲೆ ಕೈ ಹಾಕಿದ. "ನಾನಂತೂ ಅವನನ್ನ ಕ್ಷಮಿಸಿದ್ದೀನಿ." ಊರಿಗೆ ಊರೇ ಕ್ರೇಗ್‌ನ ದೊಡ್ಡತನವನ್ನು ಕೊಂಡಾಡಿತು.

ಆ ಕ್ಷಮೆಯನ್ನು ನಾರ್ಬರ್ಟ್ ನಲವತ್ತೈದು ವರ್ಷ ಹೊತ್ತ. ದಿನಸಿ ಅಂಗಡಿಯ ಮಾಂಸದ ಕೌಂಟರಿನಲ್ಲಿ ಅವನು ಸಾಸೇಜ್ ಕಟ್ಟಿ ಕೊಡುವಾಗೆಲ್ಲ ಯಾರಾದರೊಬ್ಬರು, "ಗಟ್ಟಿಯಾಗಿ ಹಿಡ್ಕೊಳಪ್ಪಾ ಕೈಜಾರಣ್ಣ!" ಎನ್ನುವರು. ಅವನೂ ನಗುವನು. ನಗದೆ ಆ ಊರಲ್ಲಿ ಬಾಳುವುದು ಹೇಗೆ? ಚೆಂಡು ಸರಿಯಾಗಿಯೇ ಹೋಯಿತೆಂದು ಅವನ ಕೈಗೆ ಗೊತ್ತಿತ್ತು. ಆದರೆ ಬಗ್ಗಿ ನಿಂತವನಿಗೆ ಹಿಂದೇನಾಯಿತೆಂದು ಕಾಣುವುದಿಲ್ಲ, ಕಂಡವನು ಕ್ರೇಗ್. ಗೆಳೆಯನ ಮಾತಿಗಿಂತ ತನ್ನ ಕೈ ಹೆಚ್ಚಿನದೇನು ಎಂದುಕೊಂಡು ಸುಮ್ಮನಾಗಿದ್ದ. ಪ್ರತಿವರ್ಷ ಹಳೆಯ ವಿದ್ಯಾರ್ಥಿಗಳು ಸೇರುವ ಶನಿವಾರ, ಕ್ರೀಡಾಂಗಣದ ಪಾರ್ಕಿಂಗ್ ಬಯಲಲ್ಲಿ ಇಬ್ಬರೂ ಅದನ್ನೇ ಆಡಿ ತೋರಿಸಬೇಕು. ನಾರ್ಬರ್ಟ್ ಬಗ್ಗಬೇಕು, ಕ್ರೇಗ್ ಚೆಂಡು ಬೀಳಿಸಬೇಕು, ಬಿಯರ್ ಹಿಡಿದವರು ಹೊಟ್ಟೆ ಹುಣ್ಣಾಗುವಂತೆ ನಗಬೇಕು.

ಈ ಸಲ ಆ ಶನಿವಾರಕ್ಕೆ ಮೂರು ದಿನ ಮುಂಚೆ ಗ್ರಂಥಾಲಯದ ಪ್ರಿಸಿಲ್ಲಾ ಓಯ್ಲರ್ ಅವನನ್ನು ಕರೆಸಿದಳು. ತಂಡದ ಶತಮಾನದ ಪುಸ್ತಕ ಬರೆಯುತ್ತಿದ್ದವಳು ಅವಳು. ತೀರಿಹೋದ ಕೋಚ್‌ನ ಮಗಳು ಕೊಟ್ಟ ಪೆಟ್ಟಿಗೆಯಲ್ಲಿ ಅವಳಿಗೊಂದು ಫಿಲ್ಮ್ ಸುರುಳಿ ಸಿಕ್ಕಿತ್ತು. ಪ್ರತಿ ಸೋಮವಾರ ಕೋಚ್ ಹಿಂದಿನ ಆಟದ ಫಿಲ್ಮ್ ಹಾಕಿ ಒಬ್ಬೊಬ್ಬನ ತಪ್ಪು ಒಪ್ಪು ಬರೆಯುತ್ತಿದ್ದ. ಆ ಒಂದು ಸೋಮವಾರ ಮಾತ್ರ, ಕೊನೆಯ ಸುರುಳಿ ತೊಳೆಯುವಾಗ ಹಾಳಾಯಿತು ಎಂದಿದ್ದ. ಹಾಳಾಗಿರಲಿಲ್ಲ. ಪರದೆಯ ಮೇಲೆ ಚೆಂಡು ನೆಟ್ಟಗೆ ಬಂತು. ಅದು ತಲುಪುವ ಮೊದಲೇ ಕ್ರೇಗ್‌ನ ಕೈಗಳು ಹಿಂದಕ್ಕೆ ಸರಿದವು. ಡಬ್ಬಿಯೊಳಗಿನ ಚೀಟಿಯಲ್ಲಿ ಕೋಚ್‌ನ ಅಕ್ಷರ: 'ಸೆಂಟರ್ ಸರಿ. ಕ್ವಾರ್ಟರ್‌ಬ್ಯಾಕ್ ಆತುರಪಟ್ಟು ಕೈ ತೆಗೆದ.'

"ಇನ್ನೊಂದ್ಸಲ ಹಾಕಮ್ಮ," ಎಂದ ನಾರ್ಬರ್ಟ್. ಹನ್ನೊಂದು ಸಲ ನೋಡಿದ.

"ಪುಸ್ತಕದಲ್ಲಿ ಆ ಆಟದ ಪುಟ ಬದಲಾಯಿಸ್ಲಾ ಸರ್?" ಎಂದಳು ಪ್ರಿಸಿಲ್ಲಾ.

"ತಡಿ. ಕ್ರೇಗ್‌ಗೂ ಗೊತ್ತಿರ್ಲಿಕ್ಕಿಲ್ಲ. ಆ ಗಲಾಟೇಲಿ ಯಾರಿಗೇನ್ ಗೊತ್ತಾಗುತ್ತೆ? ಮೊದ್ಲು ಅವನನ್ನ ಕೇಳ್ತೀನಿ."

ಅವನಿಗೆ ಗೊತ್ತಿರದಿರಲಿ ದೇವರೇ ಎಂದು ಮೂರು ದಿನ ಬೇಡಿಕೊಂಡ. ಹೋದ ಹೆಸರು ಹೋಗಲಿ, ಗೆಳೆಯನೊಬ್ಬ ಉಳಿದರೆ ಸಾಕಾಗಿತ್ತು.

ಶನಿವಾರ ಬಯಲು ತುಂಬ ಕಾರು, ಹೊಗೆ, ಸುಡುತ್ತಿದ್ದ ಸಾಸೇಜ್. "ಬಾರಪ್ಪಾ ಕೈಜಾರಣ್ಣ!" ಎಂದು ಕೂಗಿ ಜನ ಸುತ್ತ ನೆರೆದರು. ಪುಸ್ತಕಕ್ಕೆಂದು ಪ್ರಿಸಿಲ್ಲಾ ಕ್ಯಾಮೆರಾ ಹಿಡಿದು ನಿಂತಿದ್ದಳು. ನಾರ್ಬರ್ಟ್ ಬಗ್ಗಿದ, ಅರವತ್ತೇಳರ ಮೊಣಕಾಲು ಲಟಕ್ಕೆಂದಿತು. ಹಿಂದಿನಿಂದ ಕ್ರೇಗ್‌ನ ಕೈಗಳು ಬಂದು ನಿಂತವು. ನಾರ್ಬರ್ಟ್ ಚೆಂಡು ಬಿಡಲಿಲ್ಲ.

"ಕೊಡೋ, ಜನ ಕಾಯ್ತಿದಾರೆ," ಎಂದ ಕ್ರೇಗ್.

"ಕೋಚ್ ಫಿಲ್ಮ್ ಸಿಕ್ತು ಕಣೋ. ಆ ಕೊನೇ ಸುರುಳಿ."

ಹಿಂದಿನ ಕೈಗಳು ಬಿಗಿದುಕೊಂಡವು. ನಾರ್ಬರ್ಟ್‌ಗೆ ಆಗಲೇ ಅರ್ಥವಾಯಿತು. ಆದರೂ ಅವನ ಬಾಯಿಂದಲೇ ಕೇಳಬೇಕಿತ್ತು. "ನೀನು ನೋಡಿದ್ಯಾ ಅದನ್ನ?"

"ಅದೇ ಸೋಮವಾರ. ಕೋಚ್ ನನ್ನೊಬ್ಬನ್ನೇ ಕರ್ದು ತೋರಿಸ್ದ," ಎಂದು ಕ್ರೇಗ್ ಪಿಸುಗುಟ್ಟಿದ. "ದೊಡ್ಡ ತಂಡದೋರು ನನ್ನ ನೋಡೋಕೆ ಬರೋರಿದ್ರು ನಾರ್ಬ್. ನೀನ್ ಹೇಗಿದ್ರೂ ಎಲ್ಲಿಗೂ ಹೋಗೋನಿರ್ಲಿಲ್ವಲ್ಲೋ."

ಹೇಗಿದ್ದರೂ! ಆ ದೊಡ್ಡ ತಂಡದವರು ಇವನನ್ನು ಎರಡೇ ತಿಂಗಳಿಗೆ ವಾಪಸು ಕಳಿಸಿದ್ದರು. ಎರಡು ತಿಂಗಳಿಗೋಸ್ಕರ ನನ್ನ ಇಡೀ ಬಾಳನ್ನೇ ಕೊಟ್ಟುಬಿಟ್ಟನಲ್ಲ ಎಂದು ನಾರ್ಬರ್ಟ್‌ನ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚಾಗಿ, ಆ ನಲವತ್ತೈದು ವರ್ಷ ಹೆಗಲ ಮೇಲಿದ್ದ ಕೈಯನ್ನು ನೆನೆದು ಅಸಹ್ಯವಾಯಿತು.

"ಕೈ ಅಲ್ಲೇ ಇಟ್ಕೋ," ಎಂದು ಚೆಂಡು ಕೊಟ್ಟ. ಟಪ್ಪೆಂದು ಹೋಗಿ ಅಂಗೈಯಲ್ಲಿ ಕೂತಿತು. ಬೀಳಲಿಲ್ಲ. ಯಾರೂ ನಗಲಿಲ್ಲ.

ಕ್ರೇಗ್ ಒಂದು ಕ್ಷಣ ತಬ್ಬಿಬ್ಬಾದ, ಅಷ್ಟೇ. ಮರುಕ್ಷಣ ಚೆಂಡನ್ನು ಮೇಲಕ್ಕೆತ್ತಿ, "ಕೊನೆಗೂ ಕಲ್ತ್ಕೊಂಡ ನೋಡ್ರಪ್ಪಾ!" ಎಂದು ಕೂಗಿ, ನಾರ್ಬರ್ಟ್‌ನ ಹೆಗಲ ಮೇಲೆ ಕೈ ಹಾಕಿದ. ಬಯಲೆಲ್ಲ ಚಪ್ಪಾಳೆ.

ನಾರ್ಬರ್ಟ್ ಆ ಕೈಯನ್ನು ಎತ್ತಿ ಕೆಳಗಿಳಿಸಿದ. "ಪ್ರಿಸಿಲ್ಲಾ," ಎಂದು ಎಲ್ಲರಿಗೂ ಕೇಳುವಂತೆ ಕರೆದ, "ಆ ಫಿಲ್ಮಿನ ಚಿತ್ರ ಹಾಕಮ್ಮ. ಕೋಚ್ ಚೀಟೀನೂ ಹಾಕು. ಕೈ ಬೇಗ ತೆಗೆದೋನು ಇವನು."

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಪ್ರಿಸಿಲ್ಲಾ ಕ್ಯಾಮೆರಾ ಕೆಳಗಿಳಿಸಿ ಮೆಲ್ಲಗೆ ಕೇಳಿದಳು: "ಆ ಪುಟದಲ್ಲಿ ಇವರು ನಿಮ್ಮನ್ನ ಕ್ಷಮಿಸಿದ್ದೀನಿ ಅಂದಿರೋ ಮಾತಿದೆ ಸರ್. ತೆಗೆದ್ಬಿಡ್ಲಾ?"

"ಬೇಡ," ಎಂದ ನಾರ್ಬರ್ಟ್. "ಅವನು ಹಾಗಂದಿದ್ದಂತೂ ನಿಜ ತಾನೆ? ಆ ಚೀಟಿ ಪಕ್ಕದಲ್ಲೇ ಇರ್ಲಿ."