ಹೆಣವಿಲ್ಲದ ಹಾಡು

"ಅಳೇ ಪಟಾಲಿ, ಮುಂಡೇದೇ. ನೀನ್ ಅಳೋದ್ಕೂ ಸರ್ಕಾರ ದುಡ್ಡು ಕೊಟ್ಟೈತೆ. ಅದ್ಕೂ ಕೊಬ್ಬಾ?"

ಕಾಂತರಾಜು ನನ್ನ ತುರುಬು ಹಿಡಿದು ಜಗ್ಗಿದ. ಬ್ಯಾಡರಹಳ್ಳಿಯ ಅವನ ಚೌಲ್ಟ್ರಿಯಲ್ಲಿ ಕಸ ಗುಡಿಸುವ ಐದು ಹೆಂಗಸರು ನಾವು. ಅದರ ಹಿಂದಿನ ಅವನದೇ ಶೀಟಿನ ಮನೆಗಳಲ್ಲಿ ಇರುವವರು. ಊಟದ ಮನೆಯಲ್ಲಿ ನಮ್ಮನ್ನು ಸುತ್ತ ಕೂರಿಸಿದ್ದರು. ನಡುವೆ ಬಾಳೆಎಲೆ, ಎಲೆಯ ಮೇಲೆ ಹೆಣದ ಬಾಯಿಗಿಡುವ ಹಿಡಿ ಅಕ್ಕಿ. ಹೆಣ ಮಾತ್ರ ಇರಲಿಲ್ಲ.

ಎದುರಿನ ಕುರ್ಚಿಯಲ್ಲಿ ಪ್ರೊಫೆಸರ್ ಸುಧೀಂದ್ರ, ಅವರ ಮುಂದೆ ಕೆಂಪು ದೀಪದ ರೆಕಾರ್ಡಿಂಗ್ ಯಂತ್ರ. ನಮ್ಮ ಕೇರಿಯ ಸಾವಿನ ಹಾಡುಗಳ ಸಂಶೋಧನೆಗೆಂದು ಸರ್ಕಾರ ಅವರಿಗೆ ಮೂರು ವರ್ಷ ಹಣ ಕೊಟ್ಟಿತ್ತು. ಆ ಮೂರು ವರ್ಷದಲ್ಲಿ ಅವರು ನಮ್ಮ ಒಂದು ಸಾವಿಗೂ ಬಂದವರಲ್ಲ. ಈಗ ಹಣದ ಲೆಕ್ಕ ಒಪ್ಪಿಸುವ ಮಾರ್ಚ್ ಬಂದಿತ್ತು. ಕಾಂತರಾಜುವಿನ ಮಗ ಅನಿಕೇತ್ ಅವರ ಬಳಿಯೇ ಪಿಎಚ್‌ಡಿ ಮಾಡುತ್ತಿದ್ದ. ಅದಕ್ಕೇ ಈ ಉಪಚಾರ.

"ಅಮ್ಮ, ಇದು ಬರೀ ಸ್ಯಾಂಪಲ್. ಯಾರದಾದ್ರೂ ಹೆಸರು ಹಾಕಿ ಹಾಡಿ. ಕಮಿಟಿಯವ್ರಿಗೆ ಕೇಳಿಸ್ಬೇಕು," ಎಂದರು ಸುಧೀಂದ್ರ.

"ಸತ್ತೋರ್ನ ಎರಡು ಸಲ ಅಳಂಗಿಲ್ಲ ಸಾರ್. ಬದುಕಿರೋರ ಹೆಸರು ಹಾಕಿದ್ರೆ ಅವ್ರು ಹೋಗ್ಬಿಡ್ತಾರೆ. ಯಾರ್ ಹೆಸರು ಹಾಕ್ಲಿ?" ಎಂದೆ.

"ಬ್ಯೂಟಿಫುಲ್," ಎಂದು ಅವರು ಬರೆದುಕೊಂಡರು.

"ನಿನ್ ಮಗಳ್ ಹೆಸರು ಹಾಕು," ಎಂದ ಕಾಂತರಾಜು. "ಕುಸುಮಾ ಅಂತ ಹಾಡು. ಇಲ್ಲಾಂದ್ರೆ ಇವತ್ತೇ ಶೀಟ್ ಕೀಳಿಸ್ತೀನಿ."

ಆರು ತಿಂಗಳ ಬಸುರಿ ಕುಸುಮಾ ನನ್ನ ಪಕ್ಕದಲ್ಲೇ ಕೂತಿದ್ದಳು. ಎಲೆಯ ಬಳಿ ತಮಟೆ ಹಿಡಿದು ನಿಂತಿದ್ದ ನನ್ನ ಗಂಡ ಕೆಂಚಪ್ಪ ಅದನ್ನು ಕೆಳಗಿಟ್ಟ.

"ಬುದ್ಧಿ, ಅದೊಂದ್ ಬ್ಯಾಡಿ."

ಕಾಂತರಾಜು ಕಬ್ಬಿಣದ ಮಡಚು ಕುರ್ಚಿಯನ್ನೆತ್ತಿ ಅವನ ಮುಖಕ್ಕೆ ಬೀಸಿದ. ಎರಡು ಹಲ್ಲು ಅಕ್ಕಿಯ ಮೇಲೆ ಬಿದ್ದವು. ಕುರ್ಚಿ ಮತ್ತೆ ಮೇಲೆದ್ದಿತು.

"ಸಾರ್, ಒಂದ್ನಿಮಿಷ," ಎಂದು ಸುಧೀಂದ್ರ ಕೈಯೆತ್ತಿದರು. ತಡೆಯುತ್ತಾರೆ ಅಂದುಕೊಂಡೆ. "ಸದ್ದು ರೆಕಾರ್ಡ್ ಆಗ್ತಿದೆ. ಮುಗಿಸ್ಬಿಡಿ, ಆಮೇಲೆ ಆನ್ ಮಾಡ್ತೀನಿ."

ಮುಗಿಸಿದ. ಯಂತ್ರದ ಕೆಂಪು ದೀಪ ಮತ್ತೆ ಹೊತ್ತಿತು.

"ಬಾರ್ಸಯ್ಯ," ಎಂದೆ ಗಂಡನಿಗೆ.

ಅವನು ಬಾಯಿಯ ರಕ್ತ ಉಗಿದು, ಎದ್ದು, ತಮಟೆ ಹೆಗಲಿಗೇರಿಸಿದ. ಸಾವಿನ ಬಡಿತ ನಿಧಾನಕ್ಕೆ ಶುರುವಾಯಿತು. ನಾನು ಅಕ್ಕಿಯನ್ನು ಹಲ್ಲುಗಳ ಸಮೇತ ಬಾಚಿಕೊಂಡು ಮಂಡಿಯಲ್ಲಿ ಸರಿದು ಹೋದೆ. ಕಾಂತರಾಜು ಅದೇ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಒಂದು ಕೈಯಲ್ಲಿ ಪಾದ ಹಿಡಿದೆ. ತಪ್ಪಾಯ್ತು ಅನ್ನುತ್ತಿದ್ದೇನೆಂದು ಅವನು ನಕ್ಕ. ನಕ್ಕ ಬಾಯಿಗೆ ಅಕ್ಕಿ ತುರುಕಿದೆ.

"ಹೋದ್ಯಾ ಕಾಂತರಾಜ, ನನ್ನೊಡೆಯಾ,
ಕುರ್ಚಿ ಎತ್ತಿದ್ ಕೈ ತಣ್ಣಗಾಯ್ತಾ..."

ಅವನು ಎದೆಗೆ ಒದ್ದ. ಪಕ್ಕೆಯೊಳಗೆ ಏನೋ ಮುರಿಯಿತು. ಹಾಡು ಬಿಡಲಿಲ್ಲ. ಉಳಿದವರು ಎದೆ ಬಡಿದುಕೊಂಡು ಸೊಲ್ಲು ಹಿಡಿದರು. ಕುರ್ಚಿಸಮೇತ ಅವನನ್ನು ಕೆಡವಿದರು. ಇಬ್ಬರು ಅವನ ಎದೆಯ ಮೇಲೆ ಕೂತರು. ಒಬ್ಬಳು ಕಾಲು ನೀಡಿಸಿ ಹಿಡಿದಳು. ಕುಸುಮಾ ಸೆರಗಿನ ಅಂಚು ಹರಿದು, ಹೆಣಕ್ಕೆ ಕಟ್ಟುವ ಹಾಗೆ, ಅವನ ಕಾಲಿನ ಎರಡೂ ಹೆಬ್ಬೆರಳು ಜೋಡಿಸಿ ಬಿಗಿದಳು.

"ಬಿಡ್ರೇ, ನಿಮ್ಮವ್ವನ್," ಎಂದ. ಅಕ್ಕಿ ಅಡ್ಡ ಬಂತು. ಆಮೇಲೆ ಅವನು ಬರೀ ಅಳುತ್ತಿದ್ದ.

ಸುಧೀಂದ್ರ ಬ್ಯಾಗು ತಬ್ಬಿಕೊಂಡು ಹಿಂದೆ ಹಿಂದೆ ಸರಿದರು. ಕೆಂಚಪ್ಪ ಬಾಗಿಲಿಗೆ ಬೆನ್ನು ಕೊಟ್ಟು ಬಾರಿಸುತ್ತಲೇ ಇದ್ದ. ಕೆಂಪು ದೀಪ ಉರಿಯುತ್ತಲೇ ಇತ್ತು.

"ಕೂತ್ಕಳಿ ಸಾರ್," ಎಂದೆ. "ನಿಮ್ ಪೂರ್ತಿ ಹೆಸರು ಹೇಳಿ."